ರಜಾ ಚೀಟಿ

'ಕಾರಣ' ಅಂತ ಅಚ್ಚು ಮಾಡಿ ಮುಂದ
ನಾಕ ಬೆರಳು ಜಾಗಾ ಬಿಟ್ಟಾರ.
ಜ್ವರಾ ಅಂದ್ರ ಹಿಡಸ್ತೈತಿ, ಮದುವಿ ಅಂದ್ರ ಹಿಡಸ್ತೈತಿ,
ತೀರಿಕೊಂಡ್ರು ಅಂದ್ರೂ ಹಿಡಸ್ತೈತಿ.
ನನ್ನ ಮಗ, ಬಿಡ್ತು ಅನ್ರಿ,
ಮನ್ಯಾಗ ಅದಾನ, ಉಣ್ತಾನ, ಓಡ್ತಾನ.
ಮಾತಷ್ಟ ಹೋಗ್ಯಾವ.

ಹದಿನಾಕ ತಿಂಗಳಿಗೆ 'ರೈಟ್' ಅಂದಿದ್ದ,
ಅವ್ವ ಅನ್ನೂಕಿಂತ ಮೊದಲ.
ಶಿವಲೀಲಾ ಒಂದ ವಾರ ಸಿಟ್ಟಾಗಿದ್ಲು.
ನಾ ಬ್ಯಾಗ ಹೆಗಲಿಗೆ ಹಾಕ್ಕೊಂಡು ಹೊಸ್ತಿಲಾ ದಾಟಿದ್ರ
ಅಕಿ ಬಗಲಾಗ ಕುಂತು, ಬಾಗಲಾ ಬಡದು,
'ರೈತ್! ರೈತ್!'
ಆಮ್ಯಾಲ ಅವ್ವ, ಅಪ್ಪ, ನೀರಿಗೆ 'ನೀಯಿ',
'ಕಾಕಾ' ಅಂದ್ರ ಕಾಗಿನೂ ಹೌದು, ನನ್ನ ತಮ್ಮನೂ ಹೌದು,
ಎದುರುಮನಿ ಮೆಹಬೂಬಸಾಬರಿಗೆ 'ಚಾಚಾ'.
ಕ್ಯಾಲೆಂಡರಿನ ಹಿಂದ ಬರದಿಟ್ಟಾಳ ಶಿವಲೀಲಾ.
ಹದಿನೇಳು.
ಹದಿನೇಳನೇದು 'ಇಯಿ'. ಇಳಿ ಅಂತ. ನಾನ ಕಲಿಸಿದ್ದು.

ಅದರ ಕೆಳಗ ಏನೂ ಇಲ್ಲ.

ಈಗ ಎರಡು ವರ್ಷ ಒಂದ ತಿಂಗಳು.
ನಾ ಇಡೀ ದಿನಾ ಊರ ಹೆಸರು ಕೂಗಾಂವ:
ಹುಲಕೋಟಿ, ಅಣ್ಣಿಗೇರಿ, ಭದ್ರಾಪುರ, ನಲವಡಿ, ಶಿರಗುಪ್ಪಿ.
ಬಾಯಿ ತಕ್ಕೊಂಡು ಗೊರಕಿ ಹೊಡ್ಯಾಂವನೂ
ತನ್ನ ಊರ ಹೆಸರಿಗೆ ಬೆಚ್ಚಿ ಎದ್ದು ಚೀಲಾ ಹುಡಕ್ತಾನ.
ರಾತ್ರಿ ಬೆಟಗೇರಿಗೆ ಬಂದು, ಚಪ್ಪಲಿ ಬಿಟ್ಟು, 'ತೋಂಟೇಶಾ' ಅಂತೀನಿ.
'ತೋಂಟ್ಯಾ.'
'ಏ ನಮ್ಮಪ್ಪಾ.'
ಅಂವ ಡಬ್ಬಿ ಮುಚ್ಚಳಾ ನೆಲದ ಮ್ಯಾಲ ತಿರಗಿಸ್ಕೋತ ಕುಂತಿರ್ತಾನ.
ಕಿವಿ ಚಲೋ ಅದಾವ, ಹುಬ್ಬಳ್ಳ್ಯಾಗ ಮಷಿನ್ ಹಚ್ಚಿ ನೋಡ್ಯಾರ.
ಅಡಗಿಮನ್ಯಾಗ ಬಿಸ್ಕೀಟ ಪುಡಿಕಿ ಹರದ್ರ
ಹಿತ್ತಲದಿಂದ ಓಡಿ ಬರ್ತಾನ.

ಎಲ್ಲಾರಿಗೂ ಒಂದೊಂದು ಔಷಧ ಗೊತ್ತೈತಿ.
ನಮ್ಮವ್ವ ಬಜಿ ತೇದು ನಾಲಿಗಿಗೆ ಹಚ್ಚಿದ್ಲು, ದೃಷ್ಟಿ ತಗದ್ಲು,
ಒಲ್ಯಾಗ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ ಅಂತ
ಅಕಿಗಿ ಸಮಾಧಾನ. ಹೆಸರು ಸಿಕ್ಕತಲ್ಲ ಬ್ಯಾನಿಗೆ.
ಬೀಗರು ಮೊಬೈಲು ಅಂದ್ರು.
ಡ್ರೈವರ್ ಗೌಡಪ್ಪ ಸ್ಟೇರಿಂಗಿನ ಮ್ಯಾಲಿಂದ
'ಗಂಡ ಹುಡುಗ್ರು ತಡಾ ರೀ. ನಮ್ಮಣ್ಣ ನಾಕ ವರ್ಷಕ್ಕ ಬಾಯಿ ಬಿಟ್ಟ,
ಈಗ ಮುಚ್ಚವಲ್ಲ' ಅಂದ.
ನಕ್ಕೆ.
ತಡಾ ಆದ ಗಾಡಿ ಕಾಯೂದು ನನಗ ಬರ್ತೈತಿ.
ಇದು ತಡಾ ಅಲ್ಲ.
ಹದಿನೇಳೂ ಹತ್ತಿದ್ದು ನಾ ಕಂಡೀನಿ.
ಯಾವದು ಎಲ್ಲಿ ಇಳೀತು?
ತಲಿ ಎಣಸೂದ ನನ್ನ ಕೆಲಸ, ನನಗ ತಿಳೀಲಿಲ್ಲ.
'ಚಾಚಾ' ದೀಪಾವಳಿ ಹೊತ್ತಿಗೆ ಹೋತು ಅಂತಾಳ ಶಿವಲೀಲಾ.
'ಅಪ್ಪ' ಹೋದ ದಿನ
ನಾ ಡಬಲ್ ಡ್ಯೂಟಿ ಮಾಡಾಕ ಹತ್ತಿದ್ದೆ ಏನೋ.

ಮೊಬೈಲಿನ್ಯಾಗ ಹನ್ನೊಂದು ಸೆಕೆಂಡಿನ ವಿಡಿಯೋ ಐತಿ.
ಡಾಕ್ಟರು ನಂಬಲಿಲ್ಲಂದ್ರ ಸಾಕ್ಷಿ ಬೇಕಲ್ಲ,
ಈ ಬಾಯಿ ಒಮ್ಮೆ ಆಡಿತ್ತು ಅಂತ.
ಶಿವಲೀಲಾ ಬಚ್ಚಲದಾಗ ನಳಾ ಬಿಟ್ಟು ನೋಡ್ತಾಳ.
ನನಗ ಕೇಳಸೂದಿಲ್ಲ ಅಂತ ತಿಳಕೊಂಡಾಳ.
ನೀರಿನ ಸಪ್ಪಳದಾಗ 'ರೈತ್! ರೈತ್!'
ಮತ್ತ ಮೊದಲಿಂದ.

ನಿನ್ನೆ ರಾತ್ರಿ ನಾ ಕೂಗಲಿಲ್ಲ.
ಹೋಗಿ ಅವನ ಬಾಜೂಕ ಮಲಗಿದೆ, ಯುನಿಫಾರ್ಮಿನ ಮ್ಯಾಲನ,
ಕೆನ್ನಿ ಫರಶಿಗೆ ಹಚ್ಚಿ.
ಮುಚ್ಚಳಾ ತಿರಗೂದು ಅವನ ಎತ್ತರದಿಂದ ನೋಡಿದೆ.
ಖರೇ ಹೇಳ್ತೀನಿ, ಚಂದ ಇತ್ತು.
ಬೀಳೂ ಮುಂಚೆ ಗಡಗಡ ನಡಗಿ
ಟ್ಯೂಬಲೈಟಿನ ಬೆಳಕೆಲ್ಲಾ ಒಂದ ಉಂಗುರಾಗಿ
ಬಿತ್ತು.
ನನ್ನ ಮಾರಿ ನೋಡಲಿಲ್ಲ.
ಮುಂಗೈ ಹಿಡದು, ಎಳಕೊಂಡು ಹೋಗಿ,
ಮುಚ್ಚಳದ ಮ್ಯಾಲ ಇಟ್ಟ.
ಡಾಕ್ಟರು ಇದನ್ನೂ ಒಂದು ಲಕ್ಷಣ ಅಂತ ಬರಕೊಂಡಾರು.
ಬರಕೊಳ್ಳಿ.
ನಾ ತಿರಗಿಸಿದೆ.
ಮತ್ತ ಕೈ ಹಿಡದ. ಮತ್ತ ತಿರಗಿಸಿದೆ.
ರೊಟ್ಟಿ ಆರಿ ಹಪ್ಪಳಾದ್ವು, ಶಿವಲೀಲಾ ಕರೀಲಿಲ್ಲ,
ಬಾಗಲದಾಗ ಸೆರಗು ಹಿಡಕೊಂಡು ನಿಂತಿದ್ಲು.

ಮಂಗಳವಾರ ಹನ್ನೊಂದಕ್ಕ ಬರ್ರಿ ಅಂದಾರ ಧಾರವಾಡದಾಗ.
'ಮಗನ್ನ ಕರಕೊಂಡು ಹೋಗೋದೈತಿ' ಅಂತ ಬರದೆ,
ನಾಕ ಬೆರಳಿನ್ಯಾಗ ಅಷ್ಟ ಹಿಡಸ್ತು.
ಸಹಿ ಮಾಡಿ ಕೊಟ್ಟೆ.
ತಾರೀಖ ಹಾಕೂದು ಮರತಿದ್ದೆ,
ಡಿಪೋ ಗೇಟಿನ ತನಕಾ ಬಂದು
ಹೊಳ್ಳಿ ಹೋಗಿ ಹಾಕಿ ಬಂದೆ.