ಲೂಚೆ

ಚಿಲೊಯೆ ದ್ವೀಪದಲ್ಲಿ ಲೂಚೆ ಅಂದರೆ
ಬಂಡೆಗಂಟಿದ ಕಡಲಪಾಚಿ.
ಯಾರದೋ ದೋಣಿಯ ಎಂಜಿನ್ ಗೂಡಲ್ಲಿ ಸಿಕ್ಕ ಮರಿಗೆ
ಅದೇ ಹೆಸರಿಟ್ಟೆ. ಮೈಯೆಲ್ಲ ಡೀಸೆಲ್ ವಾಸನೆ,
ಇನ್ನೂ ನೀಲಿ ಬಿಡದ ಕಣ್ಣು,
ಬೆನ್ನೆಲುಬು ಎಣಿಸಿದರೆ ಎಣಿಸಬಹುದು.

ಹಾಲು ಕುಡಿಯಿತು, ಆಮೇಲಾಮೇಲೆ ಮೀನು ತಿಂದಿತು.
ಎಲ್ಲ ಸರಿ. ರಾತ್ರಿ ಒಲೆಯ ಕಾವು ಇಳಿದ ಮೇಲೆ ಮಾತ್ರ
ನಾನು ಹೆಣೆದಿಟ್ಟ ಸ್ವೆಟರಿನ ತೋಳು ಹುಡುಕಿಕೊಂಡು ಹೋಗಿ
ಕಣಕ ನಾದುವವಳ ಹಾಗೆ
ಎಡ, ಬಲ, ಎಡ, ಬಲ,
ಬಾಯ್ತುಂಬ ಉಣ್ಣೆ ಕಚ್ಚಿ ಚೀಪುತ್ತಿತ್ತು.
ಕಣ್ಣು ಅರೆಮುಚ್ಚಿ. ಗಂಟಲಲ್ಲಿ ರಾಟೆ.
ಬೆಳಿಗ್ಗೆ ನೋಡಿದರೆ ತೋಳಿನ ತುದಿ
ಜೊಲ್ಲಲ್ಲಿ ನೆಂದು ಒಣಗಿ ಹಪ್ಪಳ.
ಶನಿವಾರದ ಸಂತೆಗೆಂದು ಹೆಣೆದದ್ದು.

‘ಹುಚ್ಚು ಬೆಕ್ಕು’ ಅಂದ ತಮ್ಮ ನಿಬಾಲ್ದೊ.
‘ಮೂತಿಗೆ ಎರಡು ಬಿಡು, ಬುದ್ಧಿ ಬರುತ್ತೆ.’
ಒಂದು ಬಿಟ್ಟೆ, ಸುಳ್ಳೇಕೆ ಹೇಳಲಿ.
ಮಂಚದಡಿ ನುಸುಳಿ
ತನ್ನ ಬಾಲವನ್ನೇ ಚೀಪತೊಡಗಿತು.

ಕಾಸ್ತ್ರೊ ಪೇಟೆಯ ಪಶುವೈದ್ಯೆ ಯೆಸೆನಿಯಾ
ಬಾಯಿ ತೆರೆಸಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು.
‘ಇನ್ನೂ ಮೂರು ವಾರ ತಾಯಿ ಮೊಲೆ ಬೇಕಿತ್ತು ಇದಕ್ಕೆ.
ಬೈಯಬೇಡಿ. ಚೀಪಿದರೆ ಚೀಪಲಿ, ನುಂಗಬಾರದು.
ನೂಲು ಕರುಳಿಗಿಳಿದರೆ ಹೀಗೆ’ ಎಂದು
ತನ್ನ ಕೈಚೀಲದ ಲಾಡಿ ಸರ್ರನೆ ಎಳೆದಳು.
ಚೀಲ ಸುರುಟಿ ಮುದ್ದೆಯಾಯಿತು.
ಫೀಸು ಬೇಡವೆಂದಳು; ಆ ತೋಳು ಕೆಟ್ಟ ಸ್ವೆಟರ್
ಕೊಡುತ್ತೀರಾ ಎಂದಳು. ಮಡಿಸಿ ಕೊಟ್ಟೆ.

ಅಂದಿನಿಂದ ಉಣ್ಣೆಯೆಲ್ಲ ಪೆಟ್ಟಿಗೆಯೊಳಗೆ,
ಪೆಟ್ಟಿಗೆಯ ಮೇಲೆ ಆಲೂಗಡ್ಡೆ ಮೂಟೆ.
ಮಲಗುವ ಮೊದಲು ಕೋಳಿ ಗರಿಯನ್ನು ಕೋಲಿಗೆ ಕಟ್ಟಿ
ಮನೆಯೆಲ್ಲ ಓಡಿಸುವುದು,
ಹಿಡಿಯಲು ಬಿಡುವುದು, ಕೊನೆಗೆ ಒಂದು ಗುಕ್ಕು ಮೀನು.
ಚೀಪಲೆಂದು ಅಂಚು ಹೊಲಿದ ಹೊಸ ಬಟ್ಟೆಯ ತುಂಡು.
ಬಟ್ಟೆಯನ್ನು ಮೂಸಿ, ಕಾಲಲ್ಲಿ ಸರಿಸಿ,
ಮೂರನೆಯ ರಾತ್ರಿ ನನ್ನ ಕಿವಿಹಾಲೆಗೆ ಬಂತು.
ಹಸಿ ನಾಲಿಗೆ, ಸೂಜಿಯಂಥ ಹಲ್ಲು.
ನಿಬಾಲ್ದೊ ಬಿದ್ದು ಬಿದ್ದು ನಕ್ಕ.

ಜೂನ್ ತಿಂಗಳ ಚಳಿ. ಸಾಲ್ಮನ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವನು
ಸೂಪಿನ ಮುಂದೆಯೇ ನಿದ್ದೆ ಹೋಗಿದ್ದ.
ತಟ್ಟೆ ತೆಗೆಯಲು ಹೋದೆ.
ಮೇಜಿನಡಿ ಅವನ ಮುಷ್ಟಿ.
ಮುಷ್ಟಿಯಲ್ಲಿ ಕೀಲಿಕೈ.
ಹೆಬ್ಬೆರಳು ಅದರ ಹಲ್ಲುಗಳನ್ನು
ನಿದ್ದೆಯಲ್ಲೇ ಸವರುತ್ತಿತ್ತು, ಮೇಲೆ, ಕೆಳಗೆ, ಮೇಲೆ.
ನಾಲ್ಕು ವರ್ಷದ ಹಿಂದೆ ಮಾರಿದ ದೋಣಿಯದು.
ಕೊಂಡವನು ಎಂಜಿನ್ನೇ ಬದಲಿಸಿದ್ದಾನೆ.
ಆ ಕೀಲಿಗೆ ಈಗ ತೆರೆಯಲು ಏನೂ ಇಲ್ಲ.

ನಾನು ಕೆಮ್ಮಲಿಲ್ಲ. ತಟ್ಟೆ ಅಲ್ಲೇ ಬಿಟ್ಟೆ.
ಆದರೂ ಎದ್ದ, ನನ್ನನ್ನು ನೋಡಿದ,
ಕೀಲಿ ಜೇಬಿಗಿಳಿಸಿದ.
ಒಬ್ಬರೂ ಮಾತಾಡಲಿಲ್ಲ.

ಮರುದಿನ ಸಂಜೆ ಕತ್ತರಿಯ ಸದ್ದು.
ದೋಣಿಗೆ ಹೋಗುವಾಗ ತೊಡುತ್ತಿದ್ದ ಹಳೇ ಅಂಗಿ,
ಹತ್ತು ಸಲ ಒಗೆದರೂ ಡೀಸೆಲ್ ಬಿಡದ್ದು.
ಗುಂಡಿ ಕಿತ್ತು, ಬೆನ್ನಿನ ಭಾಗ ಚೌಕಕ್ಕೆ ಕತ್ತರಿಸಿ
‘ಅಂಚು ನೀನೇ ಹೊಲಿ, ನನಗೆ ಬರಲ್ಲ’ ಅಂದ.

ಲೂಚೆ ಮೂಸಿತು. ಮತ್ತೆ ಮೂಸಿತು.
ಎಡ, ಬಲ.

ಈಗ ಅಷ್ಟಿಲ್ಲ. ದೊಡ್ಡದಾಗುತ್ತಿದೆ, ಇಲಿ ತರುತ್ತದೆ.
ಗಾಳಿ ತಗಡು ಕಿತ್ತುಹೋಗುವಂತೆ ಬೀಸುವ ರಾತ್ರಿ ಮಾತ್ರ
ಆ ಚಿಂದಿಯನ್ನು ತಾನೇ ಎಳೆದು ತರುತ್ತದೆ.

ಸಂತೆಗೆ ಇನ್ನೊಂದು ಸ್ವೆಟರ್ ಶುರುಮಾಡಿದ್ದೇನೆ.
ಕುಣಿಕೆ ಎಣಿಸುತ್ತ ಲೆಕ್ಕ ತಪ್ಪಿತು.
ಬಾಯಲ್ಲಿದ್ದ ಮರದ ಕಡ್ಡಿ ತೆಗೆದು ದೀಪಕ್ಕೆ ಹಿಡಿದೆ.
ತುದಿಯಲ್ಲಿ ಹಲ್ಲಿನ ಗುರುತು, ಸಾಲು ಸಾಲು,
ಎಷ್ಟು ವರ್ಷದ್ದೋ.
ಬೆಕ್ಕಿನದಲ್ಲ.