ತಪ್ಪಿದ್ದು: ಏಳು

ಬೆಳಗ್ಗೆ ಎಂಟಕ್ಕೆ ಗ್ರೆಚೆನ್‌ಗೆ ಒಂದು ಹೆಸರು ಬೇಕು.
ಒಂದೇ. ಚೆಂಡು ಯಾರ ಕೈಗೆ, ಅಷ್ಟೇ.
ಕಾರಣ ಅರ್ಧ ಪುಟ ದಾಟದಿರಲಿ ಎಂದಿದ್ದಾಳೆ,
ನನ್ನ ಉದ್ದ ವಾಕ್ಯಗಳೆಂದರೆ ಅವಳಿಗೆ ಭಯ.

ಡುಲೂತ್‌ನ ನವೆಂಬರ್. ಕಿಟಕಿಯಿಲ್ಲದ ಕೋಣೆ.
ಹೀಟರು ಆಗಾಗ ಗಂಟಲು ಸರಿಮಾಡಿಕೊಳ್ಳುತ್ತದೆ,
ಏನೋ ಹೇಳುವವರ ಹಾಗೆ, ಹೇಳುವುದಿಲ್ಲ.
ಪರದೆಯ ಮೇಲೆ ಶನಿವಾರದ ಆಟ
ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.
ಎಷ್ಟು ಸಲ ನೋಡಿದರೂ ಒಂಬತ್ತು ಅಂಕಕ್ಕೇ ಸೋಲುತ್ತೇವೆ.

ಮರ್ಲಿಸ್ ಟೊಫ್ಟೆ.
ಅವಳ ಕೈಯಲ್ಲಿ ಚೆಂಡು ಸಾಕಿದ ನಾಯಿ,
ಬಾ ಎಂದರೆ ಬರುತ್ತದೆ, ಕೂರು ಎಂದರೆ ಕೂರುತ್ತದೆ.
ಎಡಗೈ, ಬಲಗೈ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ,
ಇಬ್ಬರು ಮೈಮೇಲೆ ಬಿದ್ದರೂ ಬಿಟ್ಟುಕೊಡುವವಳಲ್ಲ.
ಮೂವತ್ತೊಂದು ನಿಮಿಷ. ತಪ್ಪಿದ್ದು: ಒಂದು.
ಅಷ್ಟು ಹೊತ್ತೂ ಉಳಿದ ನಾಲ್ವರು
ಬಸ್ಸಿಗೆ ಕಾಯುವವರಂತೆ ನಿಂತಿದ್ದಾರೆ.
ಒಬ್ಬಳು ಜಡೆ ಸರಿಮಾಡಿಕೊಳ್ಳುತ್ತಾಳೆ.
ಅದಕ್ಕೊಂದು ಕಾಲಂ ಇಲ್ಲ.

ಕೆಯೋನಾ ಬ್ರಾಕ್ಸ್‌ಟನ್ ಬಗ್ಗೆ ನಾಲ್ಕು ಸಾಲು ಬರೆದು ಹೊಡೆದುಹಾಕಿದೆ.
ಬುಟ್ಟಿಗೆ ಎಸೆಯಲೆಂದೇ ಹುಟ್ಟಿದವಳು,
ಯಾರು ದಾರಿ ಕೇಳಿದರೂ ತನ್ನ ಮನೆಯನ್ನೇ ತೋರಿಸುತ್ತಾಳೆ.

ಪಾ ನ್ಯಾ ವಾಂಗ್. ಎರಡನೇ ವರ್ಷ. ಐದಡಿ ಮೂರಂಗುಲ.
ತಪ್ಪಿದ್ದು: ಏಳು.
ಏಳನ್ನೂ ಒಂದೊಂದಾಗಿ ನಿಲ್ಲಿಸಿ ನೋಡಿದೆ.
ಮೊದಲನೆಯದು ಕೈ ಜಾರಿದ್ದು. ಅವಳದೇ.
ಎರಡನೆಯದು ಅವಸರ. ಅದೂ ಅವಳದೇ.

ಮೂರನೆಯದು:
ಚೆಂಡು ಯಾರೂ ಇಲ್ಲದ ಕಡೆ ಹೋಗಿ
ಗೆರೆ ದಾಟಿ, ಡೋಲು ಬಾರಿಸುವವನ ಮಡಿಲಲ್ಲಿ ಬಿತ್ತು.
ಜನ ನಕ್ಕರು. ನಾನೂ ಶನಿವಾರ ಹಣೆ ಚಚ್ಚಿಕೊಂಡಿದ್ದೆ.
ಈಗ ಕಾಲು ವೇಗದಲ್ಲಿ ಬಿಟ್ಟೆ.
ಕಣ್ಣು ಬಲಕ್ಕೆ, ಭುಜವೂ ಬಲಕ್ಕೆ,
ಎದುರಾಳಿ ಇಬ್ಬರು ಆ ಸುಳ್ಳನ್ನು ನಂಬಿ ಹೊರಟೇಬಿಟ್ಟರು.
ಬುಟ್ಟಿಯ ಕೆಳಗೆ ಒಂದು ಬಾಗಿಲು ತೆರೆಯಿತು,
ಒಂದು ಉಸಿರಿನಷ್ಟು ಹೊತ್ತು.
ಚೆಂಡು ಸರಿಯಾಗಿ ಆ ಹೊಸ್ತಿಲಿಗೇ ಬಂತು.
ಒಳಗೆ ನುಗ್ಗಬೇಕಿದ್ದ ನಮ್ಮ ಎತ್ತರದ ಆನಿಕಾ
ಅಂಗಳದಲ್ಲೇ ನಿಂತು ಕೈ ಬೀಸುತ್ತಿದ್ದಳು.

ನಾಲ್ಕು, ಐದು, ಆರು: ಬೇರೆ ಬೇರೆ ಬಾಗಿಲು, ಅದೇ ಕತೆ.
ಏಳನೆಯದು ಆನಿಕಾಳ ಅಂಗೈಗೇ ತಾಗಿ ಹೊರಬಿತ್ತು.
ಕೊಟ್ಟವಳು ಕೋಡಂಗಿ, ಇಸ್ಕೊಂಡವಳು ಈರಭದ್ರೆ.
ಇಸ್ಕೊಳ್ಳದೆ ಹೋದರೂ
ನಮ್ಮ ಹಾಳೆಯಲ್ಲಿ ಕೋಡಂಗಿ ಕೊಟ್ಟವಳೇ.

ನೆಲ ಒರೆಸುವ ಡೆಲ್ಮರ್ ಬಾಗಿಲಲ್ಲಿ ಇಣುಕಿದ.
ಪರದೆ ನೋಡಿ ಹೇಳಿದ:
ಈ ಚಿಕ್ಕವಳಾ? ರಾತ್ರಿ ಒಬ್ಬಳೇ ಬರ್ತಾಳೆ,
ಮಡಚೋ ಕುರ್ಚಿ ನಾಲ್ಕು ಇಟ್ಕೊಂಡು ಅವಕ್ಕೆ ಎಸೀತಾಳೆ.
ಎತ್ತಿಡೋದು ನಾನು.
ಗುರಿ ಮಾತ್ರ ಇಲ್ಲ, ಪಾಪ.
ಒಂದಾದ್ರೂ ಕುರ್ಚಿಗೆ ಬೀಳಲ್ಲ,
ಪ್ರತಿ ಸಲ ಎರಡು ಹೆಜ್ಜೆ ಮುಂದೆ ಬೀಳುತ್ತೆ.

ಅವನು ಬಕೆಟ್ಟು ಉರುಳಿಸುತ್ತಾ ಹೋದ.
ನಾನು ಎಷ್ಟೋ ಹೊತ್ತು ಪರದೆಯನ್ನು ನಿಲ್ಲಿಸಿಯೇ ಇಟ್ಟಿದ್ದೆ.

ನಾಲ್ಕು ವರ್ಷ ನಾನೂ ಆಡಿದ್ದೇನೆ ಇದೇ ನೆಲದಲ್ಲಿ.
ಅತಿ ಕಡಿಮೆ ತಪ್ಪು ಮಾಡಿದವಳೆಂದು
ಮೆಟ್ಟಿಲ ಬಳಿಯ ಹಿತ್ತಾಳೆ ಫಲಕದಲ್ಲಿ ನನ್ನ ಹೆಸರಿದೆ.
ಇದ್ದವರಿಗೆ, ಇದ್ದಲ್ಲಿಗೆ, ನೋಡಿ ಕೊಟ್ಟವಳು.
ಹೋದ ತಿಂಗಳು ಹಳೆಯ ತಂಡದ ಊಟದಲ್ಲಿ
ಎಲ್ಲರೂ ತಮಗೆ ಸಿಕ್ಕ ಪಾಸುಗಳನ್ನು ನೆನೆದು ನಗುತ್ತಿದ್ದರು,
ಯಾರದೋ, ಯಾವಾಗಿನದೋ.
ನನ್ನದು ಒಂದೂ ಇರಲಿಲ್ಲ.

ವಾಂಗ್, ಎಂದು ಬರೆದೆ.
ಕಾರಣದ ಜಾಗದಲ್ಲಿ: ಉಳಿದವರಿಗೆ ಓಡಲು ಕಲಿಸೋಣ.
ಅಳಿಸಿದೆ. ಗ್ರೆಚೆನ್ ಮುಖ ನೆನೆದು ನಕ್ಕೆ.
ಮತ್ತೆ ಅದನ್ನೇ ಬರೆದೆ.

ಎಂಟಕ್ಕೆ ಇನ್ನೂ ಐದು ಗಂಟೆ.
ಮೊದಲನೆಯದನ್ನು ಇನ್ನೊಮ್ಮೆ ಹಾಕಿದೆ.
ಹೌದು, ಕೈ ಜಾರಿದ್ದೇ.
ಮಣಿಕಟ್ಟು ಸಡಿಲ, ಚೆಂಡು ಸೊಂಟಕ್ಕಿಂತ ಮೇಲೆ.
ಮಧ್ಯಾಹ್ನ ಮೂರಕ್ಕೆ ಬರಲಿ.
ಎಡಗೈ ಮಾತ್ರ, ಇನ್ನೂರು ಸಲ.
ಆನಿಕಾ ಕೂಡ ಬರಲಿ, ಕುರ್ಚಿಗಳು ಬೇಡ.