ಕೆಳಗಿನ ಕಡ್ಡಿಗಳು

ಮೇಲೆ ಕುಣಿಯುವುದನ್ನು ಎಲ್ಲರೂ ನೋಡುತ್ತಾರೆ,
ಹಸಿರು, ಕೆಂಪು ಮೇಣದ ಬತ್ತಿಗಳನ್ನು.
ನಾನು ಪರದೆಯ ತಳಕ್ಕೆ ಹೆಬ್ಬೆರಳಿಟ್ಟು
ಅಲ್ಲಿರುವ ಗಿಡ್ಡ ಕಡ್ಡಿಗಳನ್ನು ಅಳೆಯುತ್ತೇನೆ:
ಈ ಕಾಲು ಗಂಟೆಯಲ್ಲಿ
ಎಷ್ಟು ಶೇರು ಕೈಯಿಂದ ಕೈಗೆ ಹೋಯಿತು,
ಎಷ್ಟು ಜನ ಬರೀ ಬಾಯಿ ಮಾಡಿದರು.

ಕಲಿತದ್ದು ನಮ್ಮಪ್ಪ ಸಿಂಗ್ರಯ್ಯನಿಂದ,
ಶೇರೆಂದರೆ ಇವತ್ತಿಗೂ ಪಾವು ಸೇರು ಅಂದುಕೊಂಡವನು.
ಮಂಡ್ಯದ ಬೆಲ್ಲದ ಮಂಡಿಯಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ಹಿಡಿದು ನಿಂತಿದ್ದ.
ಅಚ್ಚು, ಕುರಿಕಟ್ಟು, ಬಕೆಟ್ಟು,
ಮೂಗಿನಲ್ಲೇ ಹೇಳುತ್ತಿದ್ದ ಯಾವ ಆಲೆಮನೆಯದೆಂದು.
ಸ್ಕೂಲು ಬಿಟ್ಟು ಊಟದ ಡಬ್ಬಿ ಕೊಡಲು ಹೋದರೆ
ಹರಾಜಿನವರ ಗಂಟಲು ಹರಿಯುವ ಸದ್ದು.
ಪಕ್ಕದಲ್ಲಿ ಇಬ್ಬರು ಮಾತಿಲ್ಲದೆ,
ಟವೆಲ್ಲಿನ ಕೆಳಗೆ ಬೆರಳಿಗೆ ಬೆರಳು.

"ಬೆಲೆ ಬಾಯಿ ಕಣವ್ವ, ತೂಕ ಹೊಟ್ಟೆ.
ಬಾಯಿ ಏನ್ ಬೇಕಾದ್ರೂ ಅಂತದೆ.
ಹೊಟ್ಟೆಗೆಷ್ಟು ಬಿತ್ತು, ಅದ ನೋಡು."

ಈಗ ನನ್ನದು ಕೋರ್ಟಿನೆದುರು ಜೆರಾಕ್ಸ್ ಅಂಗಡಿ.
ಒಂಬತ್ತೂ ಕಾಲಿಗೆ ಮಾರ್ಕೆಟ್ಟು ತೆರೆಯುತ್ತದೆ,
ಒಂಬತ್ತೂವರೆಗೆ ವಕೀಲರು.

ಪಂಪು ಮಾಡುವ ಕಂಪನಿಯೊಂದರ ಶೇರು
ಎಂಟು ದಿನ ಇನ್ನೂರ ಹದಿನಾಲ್ಕಕ್ಕೆ ತಲೆ ಬಡಿಸಿಕೊಂಡು
ಹಿಂದಕ್ಕೆ ಬರುತ್ತಿತ್ತು,
ನಮ್ಮ ಹಿತ್ತಿಲ ಬಾಗಿಲಿಗೆ ಬಗ್ಗದೆ ಬರುವ ಭಾವನ ಹಾಗೆ.
ಸೋಮವಾರ ದಾಟಿತು.
ಅರುವತ್ತು ಪೈಸೆ ಮೇಲೆ! ಎದೆ ಹಾರಿ ನಲವತ್ತು ಕೊಂಡೆ.
ಆಮೇಲೆ ಕೆಳಗೆ ನೋಡಿದೆ: ಎಳ್ಳಿನಷ್ಟು ಕಡ್ಡಿ.
ಖಾಲಿ ಮಂಡಿಯಲ್ಲಿ ಯಾರೋ ಒಬ್ಬ
ಕಂಬಕ್ಕೆ ಹರಾಜು ಕೂಗಿದ ಹಾಗೆ.
ಎರಡು ಗಂಟೆಗೆ ಇನ್ನೂರ ಹತ್ತು, ಮಾರಿದೆ.
ನೂರ ಎಂಬತ್ತನಾಲ್ಕು ರೂಪಾಯಿ ಹೋಯಿತು,
ತೊಂಬತ್ತೆರಡು ಹಾಳೆ ಜೆರಾಕ್ಸ್.
ಅಪ್ಪನಿಗೆ ಹೇಳಲಿಲ್ಲ.

ಗುರುವಾರ ಹತ್ತೂ ಐದಕ್ಕೆ
ಕಡ್ಡಿ ಎದ್ದಿತು ನೋಡಿ, ಹಿಂದಿನವಕ್ಕೆ ಮೂರು ಪಟ್ಟು.
"ಆಧಾರ್ ಎರಡೂ ಕಡೆ, ನಾಲ್ಕು ಕಾಪಿ ಮೇಡಂ."
ಒಂದು ಕೈ ಮಿಷನ್ನಿನ ಮುಚ್ಚಳದ ಮೇಲೆ,
ಇನ್ನೊಂದು ಕೈಯಲ್ಲಿ ನೂರು ಶೇರು, ಇನ್ನೂರ ಹದಿನಾರಕ್ಕೆ.
ಆಧಾರಿನ ಹಿಂಬದಿ ತಲೆಕೆಳಗಾಗಿ ಬಂತು.
ಆ ಯಜಮಾನರು ಏನೂ ಅನ್ನಲಿಲ್ಲ, ಪಾಪ.

ಆಮೇಲಿನ ದಿನಗಳು ಸುಲಭ.
ಏರುವಾಗ ಕಡ್ಡಿ ದಪ್ಪ, ಇಳಿಯುವಾಗ ಸಣ್ಣ:
ಸರಕು ಬೇಕಾದವರು ಇನ್ನೂ ಅಂಗಳದಲ್ಲಿದ್ದಾರೆ.
ಕಾಯುವುದೊಂದೇ ಕಷ್ಟ.
ಕಾಯುವವಳ ಕೈಗೆ ಕೆಲಸವಿರಬೇಕು,
ನನಗೆ ಸ್ಟೇಪ್ಲರ್ ಇತ್ತು.

ಮಂಗಳವಾರ ಬೆಳಿಗ್ಗೆ ಎಲ್ಲಕ್ಕಿಂತ ಎತ್ತರದ ಕಡ್ಡಿ.
ಪಕ್ಕದ ಟೈಪಿಂಗ್ ಅಂಗಡಿಯ ಮುಬೀನಾ ಕೂಡ ಕೇಳಿದಳು,
"ಅಕ್ಕಾ, ಅದೇನೋ ಪಂಪಂತೆ, ತಗೊಳ್ಲಾ?"
ಅಷ್ಟು ಗದ್ದಲ.
ಬೆಲೆ ಹತ್ತು ಪೈಸೆ ಮೇಲೇಳಲಿಲ್ಲ.
ನೆನಪಾಯಿತು: ಮಂಡಿಯ ಗೇಟಿನಿಂದ ರಸ್ತೆವರೆಗೆ
ಗಾಡಿಗಳು ಸಾಲುಗಟ್ಟಿದ ಒಂದು ಮಧ್ಯಾಹ್ನ.
ಎಲ್ಲರೂ ಕೊಳ್ಳುತ್ತಿದ್ದರು. ಅಪ್ಪ ಮೆಲ್ಲಗೆ,
"ಎಲ್ರೂ ತಗತಾವ್ರೆ ಅಂದ್ರೆ, ಕೊಡ್ತಾ ಇರೋನು ಯಾರವ್ವ?"
ಟವೆಲ್ಲಿನ ಕೆಳಗಿನ ಬೆರಳು
ಅವತ್ತು ನನಗೆ ಕಾಣಲಿಲ್ಲ. ಇವತ್ತು ಕಂಡಿತು.
ಇನ್ನೂರ ಮೂವತ್ತೂ ನಲವತ್ತು ಪೈಸೆಗೆ ಕೊಟ್ಟು ಎದ್ದೆ.
ಏಳುನೂರ ಇಪ್ಪತ್ತು ಹಾಳೆ.
ಮುಬೀನಾಗೆ ಬೇಡ ಅಂದೆ.

ಮಾರನೆಯ ದಿನ ಅದು ಇನ್ನೂರ ಮೂವತ್ತಾರಕ್ಕೆ ಹೋಯಿತು.
ಮುಬೀನಾ ಮಾತಾಡಲಿಲ್ಲ, ಸಂಜೆಯವರೆಗೂ.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ, ಸೋಮವಾರದ್ದೂ.
ಹರಾಜಿನ ಸದ್ದಿಗೆ ಒಂದು ಕಿವಿ ಕೊಟ್ಟವನು
ಇನ್ನೊಂದನ್ನು ನನ್ನ ಕಡೆ ತಿರುಗಿಸಿ ಕೇಳಿದ.
"ಮುಳ್ಳು ನಿಂತಾಗ ಬರಕಳದು.
ಆಮೇಲಿಂದು ಇನ್ನೊಬ್ಬನ ತಕ್ಕಡಿ."
ಅಂದು, ರಿಮೋಟು ನನ್ನ ಕೈಗಿಟ್ಟ.
"ಅದೇನೋ ದಿನಾ ವಾಲ್ಯೂಮ್ ವಾಲ್ಯೂಮ್ ಅಂತೀಯಲ್ಲ,
ಒಸಿ ಜಾಸ್ತಿ ಮಾಡು. ವಾರ್ತೆ ಕೇಳಿಸ್ತಿಲ್ಲ."

ಹಸಿರು ಕಡ್ಡಿಗಳು ಒಂದೊಂದೇ
ಟೀವಿಯ ತಳದಲ್ಲಿ ಎದ್ದವು.